ನೊರೆ ಬಿಸಿಯಿರಲೋ, ತಣ್ಣಗಿರಲೋ?

ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾ ತಲುಪುವಷ್ಟರಲ್ಲಿ ಹೆದ್ದಾರಿಯ ಗುಂಟ ಸುಮಾರು 60 ಕಿಲೋಮೀಟರು ಆಗುತ್ತದೆ. ಈ ಹಾದಿಯ ಯಾವ ಪೇಟೆಯಲ್ಲಿ ಇಳಿದರೂ ಕ್ಷೌರದಂಗಡಿಗೆ ಬರವಿಲ್ಲ. ಕುರ್ಚಿಯಲ್ಲಿ ಕುಳಿತು ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡ ಮೇಲೆ ಕೆಲವು ಅಂಗಡಿಗಳಲ್ಲಿ ಪ್ರಶ್ನೆಯೊಂದು ಬರುವುದುಂಟು: "ಮಾಸ್ತರೆ, ಬಿಸಿನೀರು ಹಾಕಲೋ, ತಣ್ಣೀರೇ ಸಾಕೋ?" ಹಿರಿಯರಲ್ಲಿ ಹಲವರು ಬಿಸಿನೀರಿನ ನೊರೆಯಿಲ್ಲದೆ ಗಡ್ಡಕ್ಕೆ ಕತ್ತಿ ತಾಗಿಸಲು ಬಿಡುವುದಿಲ್ಲ. ಗಲ್ಫ್ ದೇಶಗಳಿಂದ ರಜೆಗೆ ಬಂದವರು ಅಲ್ಲಿನ ಹವಾನಿಯಂತ್ರಿತ ಅಂಗಡಿಗಳ ಉಪಚಾರವನ್ನು ನೆನೆಯುತ್ತಾರೆ. ಮೇ ತಿಂಗಳ ಸೆಕೆಯಲ್ಲಿ ಬೆವರೊರೆಸಿಕೊಳ್ಳುತ್ತ ಬಂದವನಿಗೆ ತಣ್ಣನೆಯ ನೊರೆಯೇ ಸ್ವರ್ಗ. ಇನ್ನು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಕಾಲಿಟ್ಟ, ಮೀಸೆ ಆಗಷ್ಟೇ ಚಿಗುರುತ್ತಿರುವ ಹುಡುಗ ಕೇಳಿದ್ದಕ್ಕೆಲ್ಲ ಹೂಂ ಎಂದು ತಲೆಯಾಡಿಸುತ್ತಾನೆ.

ಇದೇನು ವಿಜ್ಞಾನದ ಅಂಕಣಕ್ಕೆ ತಕ್ಕ ವಿಷಯವೇ ಎಂದು ಪಾಲಕರು ಹುಬ್ಬೇರಿಸಬಹುದು. ಆದರೆ ಉಷ್ಣ, ಸಾಬೂನು, ಪ್ರೋಟೀನು, ರೋಗಾಣು ಎಂದು ನಾವು ಬೇರೆ ಬೇರೆ ಪಾಠಗಳಲ್ಲಿ ಕಲಿಸುವ ಸಂಗತಿಗಳು ಒಂದೇ ಬಟ್ಟಲಲ್ಲಿ ಕೂಡುವ ಜಾಗ ಕ್ಷೌರದ ಕುರ್ಚಿಯಂತೆ ಇನ್ನೊಂದು ಸಿಗುವುದು ಕಷ್ಟ. ಅದೂ ಅಲ್ಲದೆ ಈ ಬಿಸಿ-ತಣ್ಣನೆಯ ಚರ್ಚೆಯಲ್ಲಿ ಮುಖ್ಯವಾದ ಮಾತೊಂದು ಮರೆತುಹೋಗುತ್ತದೆ. ಅದಕ್ಕೆ ಆಮೇಲೆ ಬರೋಣ.

ಮೊದಲು ಗಡ್ಡದ ಕೂದಲನ್ನೇ ನೋಡಿ. ಅದು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ನಮ್ಮ ಉಗುರು, ದನದ ಕೊಂಬು, ಹಕ್ಕಿಯ ಗರಿ ಎಲ್ಲ ಇದೇ ಜಾತಿಯವು. ಕೆರಾಟಿನ್ನಿನ ಉದ್ದನೆಯ ಎಳೆಗಳನ್ನು ಎರಡು ಬಗೆಯ ಬಂಧಗಳು ಹಿಡಿದಿಟ್ಟಿರುತ್ತವೆ. ಒಂದು ಗಂಧಕದ ಪರಮಾಣುಗಳ ನಡುವಿನ ಗಟ್ಟಿ ಬಂಧ. ಇದು ನೀರಿಗೆ ಜಗ್ಗುವುದಿಲ್ಲ. ಇನ್ನೊಂದು ಹೈಡ್ರೋಜನ್ ಬಂಧ. ನೀರಿನ ಅಣುಗಳು ಒಳಹೊಕ್ಕರೆ ಈ ಎರಡನೆಯ ಬಂಧ ಬಿಟ್ಟುಕೊಳ್ಳುತ್ತದೆ, ಒಣಗಿದರೆ ಮತ್ತೆ ಕೂಡಿಕೊಳ್ಳುತ್ತದೆ. ತಲೆಗೆ ಸ್ನಾನ ಮಾಡಿ ಒದ್ದೆಯಿರುವಾಗ ಬಾಚಿದ ಕೂದಲು ಒಣಗಿದ ಮೇಲೂ ಹಾಗೆಯೇ ಕೂರುವುದು ಇದರಿಂದಲೇ. ಕೂದಲು ತನ್ನ ತೂಕದ ಸುಮಾರು ಶೇಕಡ 30ರಷ್ಟು ನೀರು ಕುಡಿಯಬಲ್ಲದು. ಹಾಗೆ ಕುಡಿದಾಗ ಉದ್ದದಲ್ಲಿ ಅಷ್ಟೇನೂ ಬೆಳೆಯದಿದ್ದರೂ ಅಡ್ಡಕ್ಕೆ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ. ಆಗ ಅದನ್ನು ಕತ್ತರಿಸಲು ಒಣ ಕೂದಲಿಗಿಂತ ಬಹಳ ಕಡಿಮೆ ಬಲ ಸಾಕು. ತೆಂಗಿನ ಮಡಲನ್ನು ನೆನೆಸದೆ ಹೆಣೆಯಲು ಹೋದವರಿಗೆ ಒಣಗಿದ್ದಕ್ಕೂ ನೆನೆದದ್ದಕ್ಕೂ ಇರುವ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ.

ಕೂದಲಿನ ಈ ನೀರಡಿಕೆಯನ್ನು ನಂಬಿ ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಎಂಬ ವಿಜ್ಞಾನಿ 1783ರಲ್ಲಿ ಒಂದು ಉಪಕರಣವನ್ನೇ ಪ್ರಕಟಿಸಿದ. ಗಾಳಿಯಲ್ಲಿ ತೇವ ಹೆಚ್ಚಾದರೆ ಮನುಷ್ಯನ ಕೂದಲು ತುಸು ಉದ್ದವಾಗುತ್ತದೆ, ಕಡಿಮೆಯಾದರೆ ಗಿಡ್ಡವಾಗುತ್ತದೆ. ಒಣಗಾಳಿಯಿಂದ ಪೂರ್ಣ ತೇವದ ಗಾಳಿಗೆ ಹೋದರೆ ಈ ಹೆಚ್ಚಳ ನೂರಕ್ಕೆ ಎರಡರಷ್ಟು, ಎರಡೂವರೆಯಷ್ಟು. ಅದನ್ನು ಮುಳ್ಳೊಂದಕ್ಕೆ ಜೋಡಿಸಿದರೆ ಆರ್ದ್ರತಾಮಾಪಕ ಸಿದ್ಧ. ಮಳೆಗಾಲದಲ್ಲಿ ಹೊನ್ನಾವರದ ಮನೆಗಳಲ್ಲಿ ಉಪ್ಪಿನ ಮರಿಗೆ ನೀರೊಡೆಯುವಾಗ ನಿಮ್ಮ ತಲೆಯ ಮೇಲಿನ ಕೂದಲೂ ಅದೇ ಸುದ್ದಿಯನ್ನು ಹೇಳುತ್ತಿರುತ್ತದೆ.

ಅಂದಮೇಲೆ ಕ್ಷೌರಕ್ಕೆ ಬೇಕಾದದ್ದು ನೀರು. ಬಿಸಿಯ ಪಾತ್ರವೇನು? ಅವಲಕ್ಕಿಯನ್ನು ನೆನಪಿಸಿಕೊಳ್ಳಿ. ದಪ್ಪ ಅವಲಕ್ಕಿಗೆ ಬಿಸಿನೀರು ಹಾಕಿದರೆ ಬೇಗ ನೆನೆಯುತ್ತದೆ, ತಣ್ಣೀರಾದರೆ ಸ್ವಲ್ಪ ತಡ. ನೆನೆಯುವುದಂತೂ ಎರಡರಲ್ಲೂ ಹೌದು. ಗಡ್ಡವೂ ಹಾಗೆಯೇ. ಉಷ್ಣತೆ ಏರಿದಂತೆ ನೀರಿನ ಅಣುಗಳ ಓಡಾಟ ಚುರುಕಾಗಿ ಕೂದಲೊಳಗೆ ನುಗ್ಗುವ ವೇಗ ಹೆಚ್ಚುತ್ತದೆ. ಬೆಚ್ಚನೆಯ ನೀರಿಗೆ ಇನ್ನೊಂದು ಗುಣವಿದೆ. ಗಡ್ಡದ ಮೇಲೆ ಚರ್ಮದಿಂದ ಒಸರಿದ ಜಿಡ್ಡಿನ ಲೇಪವಿರುತ್ತದೆ. ಅದು ನೀರನ್ನು ಹತ್ತಿರ ಬಿಡದು. ತುಪ್ಪದ ಪಾತ್ರೆಯನ್ನು ತಣ್ಣೀರಿನಲ್ಲಿ ತೊಳೆದು ಸೋತವರಿಗೆ ಬಿಸಿನೀರಿನ ಮಹಿಮೆ ಗೊತ್ತು. ಆದರೂ ಸಾಬೂನು ಹಚ್ಚಿ ಮುಖ ತೊಳೆದು, ತಣ್ಣೀರಿನಲ್ಲೇ ಎರಡು ಮೂರು ನಿಮಿಷ ಒದ್ದೆಯಾಗಿಟ್ಟರೆ ಗಡ್ಡ ಹೆಚ್ಚುಕಡಿಮೆ ಪೂರ್ತಿ ಮೆತ್ತಗಾಗುತ್ತದೆ. ಬಿಸಿನೀರು ಈ ಕಾಯುವಿಕೆಯನ್ನು ಕಡಿಮೆ ಮಾಡುತ್ತದೆ, ಅಷ್ಟೆ.

ಇಲ್ಲಿಯವರೆಗೆ ಬಿಸಿಯ ಪಕ್ಷವೇ ಗೆದ್ದಂತೆ ಕಾಣುತ್ತದೆ. ಆದರೆ ನಾವು ಮಾತಾಡುತ್ತಿರುವುದು ಬಿಸಿ ನೀರಿನ ಬಗ್ಗೆ ಅಲ್ಲ, ಬಿಸಿ ನೊರೆಯ ಬಗ್ಗೆ. ಎರಡೂ ಒಂದೇ ಅಲ್ಲ. ನೊರೆಯೆಂದರೆ ಬಹುಪಾಲು ಗಾಳಿ; ತೆಳ್ಳನೆಯ ಸಾಬೂನು ನೀರಿನ ಗೋಡೆಗಳ ನಡುವೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ರಾಶಿ. ಕಣ್ಣಿಗೆ ಕಂಡಷ್ಟು ತೂಕ ಅದಕ್ಕಿಲ್ಲ. ಲೆಕ್ಕ ಹಾಕಿಯೇ ಬಿಡೋಣ. ಮುಖಕ್ಕೆ ಬಳಿದ ನೊರೆಯಲ್ಲಿ 10 ಗ್ರಾಂ ನೀರಿದೆ ಎಂದೂ, ಅದರ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್ ಎಂದೂ ಹಿಡಿಯಿರಿ. ಮುಖದ ಚರ್ಮ ಸುಮಾರು 34 ಡಿಗ್ರಿಯಲ್ಲಿರುತ್ತದೆ. ಒಂದು ಗ್ರಾಂ ನೀರು ಒಂದು ಡಿಗ್ರಿ ತಣಿದರೆ ಒಂದು ಕ್ಯಾಲೊರಿ ಉಷ್ಣ ಹೊರಬರುತ್ತದೆ. ಹಾಗಾಗಿ ಈ ನೊರೆ ಚರ್ಮದ ಮಟ್ಟಕ್ಕೆ ಇಳಿಯುವಷ್ಟರಲ್ಲಿ ಹೆಚ್ಚೆಂದರೆ ಕೊಡುವುದು 10 × 11, ಅಂದರೆ 110 ಕ್ಯಾಲೊರಿ. ಅದರಲ್ಲೂ ಒಂದು ಪಾಲು ಮೇಲಿನ ಗಾಳಿಗೆ ಹೋಗುತ್ತದೆ. ಇನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಸಣ್ಣ ಟವೆಲನ್ನು ತೆಗೆದುಕೊಳ್ಳಿ. ಅದರಲ್ಲಿ 100 ಗ್ರಾಂ ನೀರು ಉಳಿದಿದ್ದು, 50 ಡಿಗ್ರಿಯಲ್ಲಿದ್ದರೆ ಅದು ಕೊಡಬಲ್ಲ ಉಷ್ಣ 100 × 16, ಅಂದರೆ 1600 ಕ್ಯಾಲೊರಿ. ನೊರೆಯ ಹದಿನಾಲ್ಕು ಪಟ್ಟಿಗೂ ಮಿಗಿಲು! ಹುಡುಗರೇ, ವಿಶಿಷ್ಟೋಷ್ಣದ ಲೆಕ್ಕ ಪರೀಕ್ಷೆಗೆ ಮಾತ್ರ ಎಂದುಕೊಂಡಿದ್ದಿರಾದರೆ ಇಲ್ಲಿ ನೋಡಿ.

ಜೊತೆಗೆ ಅಂಗಡಿಯ ಫ್ಯಾನು ತಲೆಯ ಮೇಲೆ ಗರಗರ ತಿರುಗುತ್ತಿರುತ್ತದೆ. ನೊರೆಯ ಮೇಲ್ಪದರದ ನೀರು ಆವಿಯಾಗುತ್ತ ಉಷ್ಣವನ್ನು ಹೊತ್ತೊಯ್ಯುತ್ತದೆ. ಬಿಸಿಯಾಗಿ ಬಳಿದ ನೊರೆ ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಕತ್ತಿ ಬರುವ ಹೊತ್ತಿಗೆ ತಣ್ಣಗಾಗಿಯೇ ಇರುತ್ತದೆ. ಹಿತವೆನ್ನಿಸುವುದು ನಿಜ, ಆ ಹಿತಕ್ಕೆ ನನ್ನ ತಕರಾರಿಲ್ಲ. ಗಡ್ಡ ಮೆತ್ತಗಾಗಲು ಅದರ ಪಾಲು ಬಲು ಸಣ್ಣದು ಎಂದಷ್ಟೇ ನನ್ನ ಮಾತು.

ಇನ್ನು ತಣ್ಣನೆಯ ನೊರೆ ನಮ್ಮ ಕಡೆ ಎಷ್ಟು ತಣ್ಣಗೆ? ಕರಾವಳಿಯ ಬಾವಿ ನೀರು ವರ್ಷವಿಡೀ 27-28 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಡಿಸೆಂಬರ್-ಜನವರಿಯ ಬೆಳಗಿನಲ್ಲಿ ಗಾಳಿ 20 ಡಿಗ್ರಿಯ ಹತ್ತಿರಕ್ಕೆ ಇಳಿದಾಗ ಅದೇ ಬಾವಿ ನೀರು ಬೆಚ್ಚಗೆ ಕಾಣುತ್ತದೆ, ಮೇ ತಿಂಗಳ ಮಧ್ಯಾಹ್ನ ತಂಪಾಗಿ ಕಾಣುತ್ತದೆ. ಬದಲಾದದ್ದು ನಮ್ಮ ಚರ್ಮದ ಸ್ಥಿತಿ, ನೀರಲ್ಲ. ಶಿಮ್ಲಾದಲ್ಲೋ ಲಂಡನ್ನಿನಲ್ಲೋ ಚಳಿಗಾಲದ ನಲ್ಲಿ ನೀರು ಐದಾರು ಡಿಗ್ರಿಗೆ ಇಳಿದಿರುತ್ತದೆ. ಅಲ್ಲಿನವರು ಬಿಸಿ ನೊರೆಗೆ ಪಟ್ಟು ಹಿಡಿದರೆ ಅರ್ಥವುಂಟು. ಅಮೆರಿಕದ ಕ್ಷೌರದಂಗಡಿಗಳಲ್ಲಿ ಗುಂಡಿ ಒತ್ತಿದರೆ ಬಿಸಿ ನೊರೆ ಸುರಿಸುವ ವಿದ್ಯುತ್ ಯಂತ್ರಗಳೇ ಬಂದವು. ನಮಗಾದರೋ ಪ್ರಕೃತಿಯೇ ಅರ್ಧ ಬಿಸಿ ಮಾಡಿ ಕೊಟ್ಟಿದೆ. ತೇವದ ಗಾಳಿಯಿಂದಾಗಿ ನೊರೆಯೂ ಇಲ್ಲಿ ಬೇಗ ಒಣಗುವುದಿಲ್ಲ. ಘಟ್ಟ ಹತ್ತಿ ಹುಬ್ಬಳ್ಳಿ, ಗದಗಿನ ಕಡೆ ಹೋಗಿ ಬೇಸಿಗೆಯ ಒಣಗಾಳಿಯಲ್ಲಿ ನೊರೆ ಹಚ್ಚಿಕೊಂಡು ಕೂತರೆ ಅದು ಬೇಗನೆ ಹಪ್ಪಳದಂತೆ ಗರಿಗರಿಯಾಗುವುದನ್ನು ನೋಡಬಹುದು. ಒಣಗಿದ ನೊರೆ, ಬಿಸಿಯದಾಗಿದ್ದರೇನು ತಣ್ಣನೆಯದಾಗಿದ್ದರೇನು, ಪ್ರಯೋಜನಕ್ಕಿಲ್ಲ.

ನೊರೆಯ ಗುಣ ಬಿಸಿಗಿಂತ ಹೆಚ್ಚಾಗಿ ನೀರಿನ ಜಾತಿಯನ್ನು ಅವಲಂಬಿಸಿದೆ, ಈ ವಿಷಯದಲ್ಲಿ ನಮ್ಮ ಮೂರೂ ತಾಲೂಕುಗಳು ಒಳ್ಳೆಯ ಪ್ರಯೋಗಶಾಲೆ. ಚಿರೇಕಲ್ಲಿನ ನೆಲದಲ್ಲಿ ತೋಡಿದ ಬಾವಿಯ ನೀರು ಸಾಮಾನ್ಯವಾಗಿ ಮೆದುನೀರು. ಸಾಬೂನು ತಾಗಿದ್ದೇ ತಡ, ನೊರೆ. ಬಯಲುಸೀಮೆಯ ಕೊಳವೆ ಬಾವಿಗಳ ಗಡಸುನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಕೂಡಿ ಬಿಳಿ ಚರಟವಾಗುತ್ತವೆ, ನೊರೆ ಏಳದು. ನಮ್ಮಲ್ಲಿಯೂ ತೊಂದರೆ ಇಲ್ಲದಿಲ್ಲ. ಏಪ್ರಿಲ್-ಮೇ ಬಂತೆಂದರೆ ಶರಾವತಿ, ಅಘನಾಶಿನಿ ಹೊಳೆಗಳ ಅಳಿವೆಯ ಹತ್ತಿರದ ಬಾವಿಗಳಲ್ಲಿ ನೀರು ಸವಳಾಗುತ್ತದೆ. ಹೊಳೆಯ ಹರಿವು ತಗ್ಗಿ, ಭರತದ ಜೊತೆ ಸಮುದ್ರದ ಉಪ್ಪು ಒಳಸೇರುತ್ತದೆ. ಸವಳು ನೀರಿನಲ್ಲಿ ಸಾಬೂನು ತಿಕ್ಕಿ ತಿಕ್ಕಿ ಕೈ ಸೋತರೂ ನೊರೆ ಬಾರದ ಅನುಭವ ಅಲ್ಲಿಯ ತಾಯಂದಿರಿಗೆಲ್ಲ ಇದೆ.

ಕಾರಣ ಹತ್ತನೇ ತರಗತಿಯ ಸಾಬೂನಿನ ಪಾಠದಲ್ಲೇ ಇದೆ. ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಕುದಿಸಿದ ಮೇಲೆ ಪಾತ್ರೆಗೆ ಉಪ್ಪು ಹಾಕುತ್ತೇವೆ. ಏಕೆ? ಉಪ್ಪಿನ ದ್ರಾವಣದಲ್ಲಿ ಸಾಬೂನು ಕರಗಿ ನಿಲ್ಲಲಾರದೆ ಮೇಲೆ ತೇಲಿ ಬೇರ್ಪಡುತ್ತದೆ. ಕುಮಟಾ ತಾಲೂಕಿನ ಸಾಣಿಕಟ್ಟಾದ ಉಪ್ಪಿನಾಗರಗಳಿಂದ ಬಂದ ಹಿಡಿ ಉಪ್ಪನ್ನು ಪಾತ್ರೆಗೆ ಹಾಕಿ ಸಾಬೂನು ಬೇರ್ಪಡಿಸುವುದೂ, ಬೇಸಿಗೆಯ ಸವಳು ನೀರು ನಿಮ್ಮ ಗಡ್ಡದ ನೊರೆಯನ್ನು ಕೆಡಿಸುವುದೂ ಒಂದೇ ಕ್ರಿಯೆ. ಆದರೆ ತೆಂಗಿನೆಣ್ಣೆಯಿಂದ ಮಾಡಿದ ಸಾಬೂನು ಉಳಿದವಕ್ಕಿಂತ ಚೆನ್ನಾಗಿ ಕರಗುತ್ತದೆ, ಉಪ್ಪುನೀರಿನಲ್ಲೂ ನೊರೆ ಕೊಡುತ್ತದೆ. ಹಡಗಿನವರು ಸಮುದ್ರದ ನೀರಿನಲ್ಲಿ ಮೀಯಲು ಬಳಸುತ್ತಿದ್ದ ಸಾಬೂನು ಈ ಜಾತಿಯದು. ಕ್ಷೌರದ ಸಾಬೂನಿನಲ್ಲಿ ಸೋಡಿಯಂ ಜೊತೆಗೆ ಪೊಟ್ಯಾಸಿಯಂ ಕ್ಷಾರವನ್ನೂ ಬಳಸುವುದು ಇದೇ ಉದ್ದೇಶಕ್ಕೆ: ಪೊಟ್ಯಾಸಿಯಂ ಸಾಬೂನು ಮೆತ್ತಗಿರುತ್ತದೆ, ನೀರಿನಲ್ಲಿ ಬೇಗ ಕರಗುತ್ತದೆ. ಸ್ಟಿಯರಿಕ್ ಆಮ್ಲದ ಪಾಲು ಹೆಚ್ಚಿದ್ದರೆ ನೊರೆ ದಟ್ಟವಾಗಿ ಬಹಳ ಹೊತ್ತು ನಿಲ್ಲುತ್ತದೆ. ನೊರೆ ಬರಲಿಲ್ಲವೆಂದು ನೀರು ಕಾಯಿಸಲು ಹೊರಟವರು ಮೊದಲು ಆ ನೀರಿನ ಹನಿಯೊಂದನ್ನು ನಾಲಗೆಗೆ ಹಚ್ಚಿ ನೋಡುವುದು ಮೇಲು.

"ಬಿಸಿಯಿಂದ ಚರ್ಮದ ರಂಧ್ರ ತೆರೆಯುತ್ತದೆ, ಕೊನೆಗೆ ತಣ್ಣೀರು ಹಾಕಿದರೆ ಮುಚ್ಚುತ್ತದೆ" ಎಂಬ ಮಾತು ಊರೆಲ್ಲ ಹಬ್ಬಿದೆ, ಈಗ ಮೊಬೈಲಿನ ವಿಡಿಯೋಗಳಲ್ಲೂ ಕೇಳುತ್ತದೆ. ರಂಧ್ರಗಳೇನು ಬಾಗಿಲುಗಳಲ್ಲ; ತೆರೆದು ಮುಚ್ಚಲು ಅವುಗಳಿಗೆ ಸ್ನಾಯುಗಳಿಲ್ಲ. ಬಿಸಿಗೆ ಹಿಗ್ಗುವುದು ಚರ್ಮದ ಕೆಳಗಿನ ರಕ್ತನಾಳಗಳು, ಅದರಿಂದಲೇ ಮುಖ ಕೆಂಪಾಗುತ್ತದೆ. ತೀರ ಬಿಸಿಯಾದ ನೀರು ಚರ್ಮಕ್ಕೆ ಬೇಕಾದ ಜಿಡ್ಡನ್ನೂ ತೊಳೆದುಬಿಡುತ್ತದೆ, ಆಮೇಲೆ ಉರಿ. ಮೊಡವೆಯ ಹುಡುಗರು ಇದನ್ನು ಗಮನಿಸಬೇಕು. ಯಕ್ಷಗಾನದ ಸ್ತ್ರೀವೇಷದವರ ಪಾಡು ಇನ್ನೂ ಕಷ್ಟ. ತಿರುಗಾಟದ ದಿನಗಳಲ್ಲಿ ದಿನಾ ನುಣ್ಣಗೆ ಕ್ಷೌರ ಆಗಬೇಕು, ಆಗಷ್ಟೇ ಕೆರೆದ ಆ ಚರ್ಮದ ಮೇಲೆ ಚೌಕಿಯಲ್ಲಿ ಬಣ್ಣ ಬಳಿಯಬೇಕು.

ಈಗ ಮರೆತುಹೋಗುತ್ತದೆ ಎಂದೆನಲ್ಲ, ಆ ಮಾತಿಗೆ ಬರೋಣ. ಬಟ್ಟಲಿನಲ್ಲಿ ಹಬೆಯಾಡುವ ನೀರು ಕಂಡಾಗ ನಮ್ಮ ಮನಸ್ಸಿಗೆ ಒಂದು ಭರವಸೆ ಹುಟ್ಟುತ್ತದೆ: ಬಿಸಿಯಿದೆ, ಹಾಗಾಗಿ ಶುಚಿಯಿದೆ. ಇದು ಅಪಾಯದ ಭರವಸೆ. ಹಾಲನ್ನು ಪಾಶ್ಚರೀಕರಿಸಲು 63 ಡಿಗ್ರಿಯಲ್ಲಿ 30 ನಿಮಿಷ ಇಡಬೇಕು ಎಂದು ನೀವು ಓದಿದ್ದೀರಿ. 60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮವನ್ನು ಸುಡಬಲ್ಲದು. ಎಂದಮೇಲೆ ನಿಮ್ಮ ಕೆನ್ನೆ ತಾಳಿಕೊಳ್ಳುವ ಯಾವ ನೊರೆಯೂ ರೋಗಾಣುವನ್ನು ಕೊಲ್ಲುವಷ್ಟು ಬಿಸಿಯಿಲ್ಲ. ಕತ್ತಿಯನ್ನು ಆ ಬಟ್ಟಲಿಗೆ ಒಮ್ಮೆ ಅದ್ದಿ ತೆಗೆದರೆ ಅಂಟಿದ ಕೂದಲು ಹೋದೀತು, ವೈರಸ್ ಹೋಗದು.

ಇದಕ್ಕೆ ಚರಿತ್ರೆಯ ಸಾಕ್ಷಿಯೂ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಕ್ಷೌರದ ಬ್ರಷ್ಷಿಗೆ ಬೇಕಾದ ಬ್ಯಾಜರ್ ಎಂಬ ಪ್ರಾಣಿಯ ಕೂದಲಿಗೆ ಅಭಾವ ಬಂದು, ಕುದುರೆಯ ಕೂದಲಿನ ಅಗ್ಗದ ಬ್ರಷ್ಷುಗಳು ಬ್ರಿಟನ್, ಅಮೆರಿಕಗಳ ಮಾರುಕಟ್ಟೆಗೆ ಬಂದವು. ಸರಿಯಾಗಿ ಶುದ್ಧಿ ಮಾಡದ ಆ ಕೂದಲಲ್ಲಿ ಆಂಥ್ರಾಕ್ಸ್, ಅಂದರೆ ನಾವು ದನಗಳಲ್ಲಿ ನೆರಡಿ ಎಂದು ಕರೆಯುವ ರೋಗದ ಬೀಜಾಣುಗಳಿದ್ದವು. ಸೈನಿಕರು, ನಾಗರಿಕರು ಅನೇಕರು ಮುಖದಲ್ಲಿ ಹುಣ್ಣೆದ್ದು ಸತ್ತರು. ಕೊನೆಗೆ 1920ರಲ್ಲಿ ಬ್ರಿಟನ್ ಜಪಾನಿನ ಕ್ಷೌರದ ಬ್ರಷ್ಷುಗಳ ಆಮದನ್ನೇ ನಿಷೇಧಿಸಿತು. ಬಿಸಿನೀರಿನಲ್ಲಿ ಅದ್ದಿ ಬಳಸುವ ಬ್ರಷ್ಷೇ ಅವು.

ಇಂದು ನಮ್ಮ ಪೇಟೆಗಳಲ್ಲಿ ಯೋಚಿಸಬೇಕಾದದ್ದು ಹೆಪಟೈಟಿಸ್ ಬಿ. ಯಕೃತ್ತನ್ನು ಕೆಡಿಸುವ ಈ ವೈರಸ್ ರಕ್ತದ ಮೂಲಕ ಹರಡುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ದೇಹದ ಹೊರಗೆ ಕನಿಷ್ಠ ಏಳು ದಿನ ಅದು ಬದುಕಿರಬಲ್ಲದು. ಬೆಳಿಗ್ಗೆ ಒಬ್ಬರ ಗಲ್ಲ ಗೀರಿದ ಬ್ಲೇಡು ಸಂಜೆ ನಿಮ್ಮ ಮಗನ ಗಲ್ಲಕ್ಕೆ ಬಂದರೆ? 1986ರಲ್ಲಿ ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದ ಮೇಲೆ ಹುಟ್ಟಿದ ಭಯದಿಂದ ಒಂದು ಒಳ್ಳೆಯದಾಯಿತು. ಚರ್ಮದ ಪಟ್ಟಿಗೆ ಮಸೆದು ಎಲ್ಲರಿಗೂ ಬಳಸುತ್ತಿದ್ದ ಹಳೆಯ ಕತ್ತಿ ಹಿಂದೆ ಸರಿದು, ಬ್ಲೇಡನ್ನು ಎರಡಾಗಿ ಮುರಿದು ಅರ್ಧವನ್ನು ಹಿಡಿಕೆಗೆ ಸಿಕ್ಕಿಸುವ ಪದ್ಧತಿ ಬಂತು. ಆ ಅರ್ಧ ಬ್ಲೇಡಿನ ಬೆಲೆ ಎರಡು ಮೂರು ರೂಪಾಯಿಗಿಂತ ಹೆಚ್ಚಿಲ್ಲ. ಬಹಳಷ್ಟು ಅಂಗಡಿಯವರು ಗಿರಾಕಿ ಎದುರಿಗೇ ಹೊಸದನ್ನು ಮುರಿಯುತ್ತಾರೆ. ಮುರಿಯದಿದ್ದರೆ ಕೇಳಬೇಕು. ತೊಂದರೆ ಇರುವುದು ಇಲ್ಲಿಯೇ. ತಂದೆಯ ವಯಸ್ಸಿನ ಭಂಡಾರಿಯವರಿಗೆ ಹದಿನಾರರ ಹುಡುಗ ಹೇಗೆ ಹೇಳಿಯಾನು? ಅವರ ಕಸುಬಿನ ಮೇಲೆ ಸಂಶಯಪಟ್ಟಂತಾಗುತ್ತದೆ ಎಂಬ ಸಂಕೋಚ. ಹಾಗಾಗಿ ಮೊದಲ ಒಂದೆರಡು ಸಲ ತಂದೆಯೋ ಅಣ್ಣನೋ ಜೊತೆಗೆ ಹೋಗಿ, "ನಮ್ಮ ಹುಡುಗನಿಗೆ ಹೊಸ ಬ್ಲೇಡು ಹಾಕಿ ಭಂಡಾರಿಯವರೇ" ಎಂದು ಮಾಮೂಲಿ ಮಾತಿನಂತೆ ಹೇಳಿಬಿಟ್ಟರೆ ಹುಡುಗನಿಗೂ ರೂಢಿಯಾಗುತ್ತದೆ. ಬಿಸಿಯೋ ತಣ್ಣಗೋ ಎಂದು ಕೇಳುವಷ್ಟೇ ಸಲೀಸಾಗಿ ಇದೂ ಆಗಬೇಕು.

ಹೆಪಟೈಟಿಸ್ ಬಿ ತಡೆಯಲು ಲಸಿಕೆಯಿದೆ. 2011ರ ಹೊತ್ತಿಗೆ ಅದು ದೇಶದ ಎಲ್ಲ ರಾಜ್ಯಗಳ ಮಕ್ಕಳ ಲಸಿಕೆ ಕಾರ್ಯಕ್ರಮಕ್ಕೆ ಸೇರಿತು. ಆ ನಂತರ ಹುಟ್ಟಿದವರ ತಾಯಿಕಾರ್ಡಿನಲ್ಲಿ ಅದರ ಗುರುತು ಇರಬೇಕು, ತೆಗೆದು ನೋಡಿ. ಅದಕ್ಕೆ ಮುಂಚಿನವರು, ಅಂದರೆ ಪಾಲಕರಲ್ಲಿ ಹೆಚ್ಚಿನವರು, ಹಾಕಿಸಿಕೊಂಡಿರಲಾರರು. ದೊಡ್ಡವರಿಗೆ ಆರು ತಿಂಗಳ ಅವಧಿಯಲ್ಲಿ ಮೂರು ಸಲ ಚುಚ್ಚುತ್ತಾರೆ, ವೈದ್ಯರನ್ನು ವಿಚಾರಿಸಬಹುದು.

ಕ್ಷೌರ ಮುಗಿದ ಮೇಲೆ ಉಜ್ಜುವ ಸ್ಫಟಿಕದ ತುಂಡಿನ ಬಗ್ಗೆಯೂ ಒಂದು ಮಾತು. ಅದು ಪೊಟ್ಯಾಸಿಯಂ ಮತ್ತು ಅಲ್ಯೂಮಿನಿಯಂಗಳ ಸಲ್ಫೇಟ್ ಲವಣ. ಮಳೆಗಾಲದ ಕೆಂಪು ನೀರಿನ ಮಣ್ಣನ್ನು ತಳಕ್ಕಿಳಿಸುವ ಸ್ಫಟಿಕವೇ ಇಲ್ಲಿ ಗಾಯದ ಬಾಯಿಯ ಪ್ರೋಟೀನನ್ನು ಹೆಪ್ಪುಗಟ್ಟಿಸಿ ರಕ್ತ ನಿಲ್ಲಿಸುತ್ತದೆ. ಉರಿಯುವುದರಿಂದ ಅದು ಎಲ್ಲ ರೋಗಾಣುಗಳನ್ನೂ ಕೊಲ್ಲುತ್ತದೆ ಎಂಬ ನಂಬಿಕೆ ಸರಿಯಲ್ಲ. ಹತ್ತು ಜನರ ಗೀರುಗಾಯಗಳಿಗೆ ತಾಗಿದ ಒಂದೇ ತುಂಡು ಹನ್ನೊಂದನೆಯವರಿಗೆ ಬೇಡ. ಮನೆಯಿಂದಲೇ ಒಂದು ಚೂರು ಒಯ್ಯಿರಿ, ಜೊತೆಗೆ ಒಂದು ಸಣ್ಣ ಟವೆಲ್ ಕೂಡ.

ಆ ಟವೆಲ್ ಇದ್ದರೆ ಮೊದಲಿನ ಪ್ರಶ್ನೆಯೂ ಬಗೆಹರಿಯಿತು. ನನ್ನನ್ನು ಕೇಳಿದರೆ ಬಿಸಿನೀರನ್ನು ಟವೆಲಿಗೆ ಕೊಡಿ, ನೊರೆಗೆ ತಣ್ಣೀರು ಸಾಕು. ಸಾಬೂನಿನಿಂದ ಮುಖ ತೊಳೆದು, ಕೈಗೆ ಹಿತವೆನ್ನಿಸುವಷ್ಟು ಬಿಸಿಯ ಒದ್ದೆ ಟವೆಲನ್ನು ಒಂದು ನಿಮಿಷ ಗಲ್ಲಕ್ಕೆ ಒತ್ತಿಹಿಡಿಯುವುದು, ಆಮೇಲೆ ಚೆನ್ನಾಗಿ ನೀರಿರುವ ನೊರೆ ಹಚ್ಚಿ ಇನ್ನೆರಡು ನಿಮಿಷ ಬಿಡುವುದು. ಅಂಗಡಿಯಲ್ಲಿ ಭಾನುವಾರದ ಗದ್ದಲವಿದ್ದರೆ ಈ ಎರಡು ನಿಮಿಷವೇ ಮೊದಲು ಕಡಿತಗೊಳ್ಳುವುದು. ಬಿಡುವಿನ ದಿನ ಹೋಗುವುದು ಲೇಸು, ಮಂಗಳವಾರ ಬಿಟ್ಟು; ಅಂದು ಬಹಳ ಕಡೆ ಬಾಗಿಲು ಹಾಕಿರುತ್ತದೆ.

ನನ್ನ ಲೆಕ್ಕವನ್ನು ನಂಬದವರಿಗೆ ಒಂದು ಪ್ರಯೋಗ. ಬಟ್ಟಲಲ್ಲಿ ಬಿಸಿನೀರಿನಿಂದ ನೊರೆ ಎಬ್ಬಿಸಿ, ಅದನ್ನು ತಟ್ಟೆಯ ಮೇಲೆ ಗಡ್ಡಕ್ಕೆ ಹಚ್ಚುವಷ್ಟೇ ದಪ್ಪಕ್ಕೆ ಹರಡಿ. ಶಾಲೆಯ ಪ್ರಯೋಗಾಲಯದ ಉಷ್ಣತಾಮಾಪಕದ ಬುಡವನ್ನು ಅದರಲ್ಲಿ ಹುದುಗಿಸಿ ಅರ್ಧ ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಳ್ಳಿ. ಒದ್ದೆ ಟವೆಲಿಗೂ ಹೀಗೆಯೇ ಮಾಡಿ. ಫ್ಯಾನು ಹಾಕಿ ಒಮ್ಮೆ, ಆರಿಸಿ ಒಮ್ಮೆ. ನಾಲ್ಕೂ ಗೆರೆಗಳನ್ನು ಒಂದೇ ಗ್ರಾಫ್ ಹಾಳೆಯ ಮೇಲೆ ಎಳೆಯಿರಿ, ಆಮೇಲೆ ಅಪ್ಪನಿಗೆ ತೋರಿಸಿ.